ಒಣಗಿ ಕರ್ರಗಾದ ಪಾಚಿಗೆ ನೀರು ಹಾಕಿದೆ. ಇದು ಬದುಕಿತ್ತಾ, ಸುಮ್ನೆ ಬಿದ್ದಿತ್ತಾ?

ತಾರಸಿಪಾಚಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ತಾರಸಿಯ ಮೂಲೆಯಲ್ಲಿ, ಮಳೆನೀರು ನಿಲ್ಲುವ ಕಡೆ, ಕಪ್ಪು ಚಕ್ಕೆಗಳು ಎದ್ದಿದ್ದವು. ನೋಡಲು ಸುಟ್ಟ ಕಾಗದದ ಚೂರಿನ ಹಾಗೆ. ಬೆರಳಲ್ಲಿ ಒತ್ತಿದರೆ ಪುಡಿಪುಡಿ. ತಿಂಗಳುಗಟ್ಟಲೆ ಅದರ ಮೇಲೆ ಹನಿ ನೀರು ಬಿದ್ದಿಲ್ಲ. ಗುಡಿಸಿ ಎಸೆಯೋಣ ಅಂತ ಹೋದವಳು, ಏನನ್ನಿಸಿತೋ, ಒಂದು ಚೂರನ್ನು ಬಟ್ಟಲಿಗೆ ಹಾಕಿ ನೀರು ಬಿಟ್ಟೆ. ಹತ್ತು ನಿಮಿಷಕ್ಕೆ ಅಂಚು ಮೆತ್ತಗಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚೂರು ಉಬ್ಬಿ, ಕಂದು ಹಸಿರು ಬಣ್ಣದ ಲೋಳೆ ಹಾಳೆಯಾಗಿ ಬಟ್ಟಲ ತಳಕ್ಕೆ ಅಂಟಿಕೊಂಡಿತ್ತು.

ಹಳೆಯದೊಂದು ಸೂಕ್ಷ್ಮದರ್ಶಕ ಇದೆ. ಅದರಲ್ಲಿಟ್ಟು ನೋಡಿದರೆ ಮಣಿಸರ! ದುಂಡು ದುಂಡು ಕೋಶಗಳು, ಒಂದರ ಪಕ್ಕ ಒಂದು ಪೋಣಿಸಿದ ಹಾಗೆ. ನಡುನಡುವೆ ಒಂದೊಂದು ದೊಡ್ಡ ಮಣಿ, ಅದಕ್ಕೆ ಬಣ್ಣ ಕಡಿಮೆ. ಸುತ್ತಲೂ ಹಳದಿ ಬಣ್ಣದ ಗೋಂದಿನಂಥದ್ದು.

ಹುಡುಕಿ ಓದಿದ ಮೇಲೆ ಇದು ನೋಸ್ಟಾಕ್ ಎಂಬ ಸೈನೋಬ್ಯಾಕ್ಟೀರಿಯಾ ಇರಬೇಕು ಅನ್ನಿಸಿತು. ನಾವು ಶಾಲೆಯಲ್ಲಿ ನೀಲಿ ಹಸಿರು ಪಾಚಿ ಅಂತ ಓದಿದ್ದು. ಆದರೆ ಎಲ್ಲಿ ನೋಡಿದರೂ ಒಂದೇ ಮಾತು: ಇವಕ್ಕೆ ಮರುಭೂಮಿ, ಹಿಮ, ಕುದಿನೀರು ಅಂದರೆ ಪ್ರಾಣವಂತೆ, ಮಂಗಳ ಗ್ರಹದಲ್ಲೂ ಬೆಳೆಯುತ್ತವಂತೆ. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಒಣಗಿದ್ದ ಅಷ್ಟೂ ತಿಂಗಳು ಇದು ಬದುಕಿತ್ತಾ? ಅಥವಾ ಹಾಳಾಗದೆ ಬಿದ್ದಿತ್ತು ಅಷ್ಟೇನಾ?

ಅರೆಬರೆಜ್ಞಾನಿ:

ಸರ್, ಇವು ಭಯಂಕರ ಗಟ್ಟಿ ಜೀವಿಗಳು. 122 ಡಿಗ್ರಿ ಶಾಖದಲ್ಲೂ ಬೆಳೆಯುತ್ತವೆ ಅಂತ ಓದಿದ್ದೇನೆ. ನಿಮ್ಮ ತಾರಸಿಯ ಬಿಸಿಲು ಅವಕ್ಕೆ ಯಾವ ಲೆಕ್ಕ?

ತಾರಸಿಪಾಚಿ:

ಸರ್ ಅಲ್ಲ, ಮೇಡಂ 🙂

ಕಲ್ಲುಹೂವು:

122 ಡಿಗ್ರಿಯ ದಾಖಲೆ ಸೈನೋಬ್ಯಾಕ್ಟೀರಿಯಾದ್ದಲ್ಲ. ಅದು ಸಮುದ್ರದ ತಳದ ಬಿಸಿ ಬುಗ್ಗೆಯಲ್ಲಿರುವ ಮೆಥನೊಪೈರಸ್ ಎಂಬ ಆರ್ಕಿಯಾದ್ದು (ಆರ್ಕಿಯಾ ಅಂದರೆ ನೋಡಲು ಬ್ಯಾಕ್ಟೀರಿಯಾದ ಹಾಗಿರುವ, ಆದರೆ ಬೇರೆಯೇ ಕುಲದ ಒಂಟಿ ಕೋಶದ ಜೀವಿ). ಅದಕ್ಕೂ ಇದಕ್ಕೂ ನಂಟಿಲ್ಲ. ಶಾಖದ ವಿಷಯ ಆಮೇಲೆ ಯಾರಾದರೂ ಬರೆಯಲಿ, ನಾನು ಮೇಡಂ ಪ್ರಶ್ನೆಗೆ ಬರುತ್ತೇನೆ.

ನೋಸ್ಟಾಕ್ ಅಂತಲೇ ಕಾಣುತ್ತದೆ. ಆ ದೊಡ್ಡ ಮಣಿಗಳ ಹೆಸರು ಹೆಟೆರೊಸಿಸ್ಟ್. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಕೆಲಸ ಅವುಗಳದ್ದು. ಆ ಕೆಲಸದ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಹಾಗಾಗಿ ಆ ಕೋಶಗಳು ಆಮ್ಲಜನಕ ಬಿಡುವ ಉಸಾಬರಿಯನ್ನೇ ಕೈಬಿಟ್ಟು, ಸುತ್ತ ದಪ್ಪ ಗೋಡೆ ಕಟ್ಟಿಕೊಂಡು ಕೂತಿರುತ್ತವೆ. ಊಟ ಪಕ್ಕದ ಮಣಿಗಳಿಂದ ಬರುತ್ತದೆ.

ಗೋಂದಿನ ಹಳದಿ ಬಣ್ಣ ಕೊಳೆ ಅಲ್ಲ. ಸೈಟೊನೆಮಿನ್ ಎಂಬ ವಸ್ತು. ಅತಿನೇರಳೆ ಕಿರಣವನ್ನು ಹೀರಿಕೊಳ್ಳುತ್ತದೆ. ಅದು ಇರುವುದು ಕೋಶದ ಒಳಗಲ್ಲ, ಹೊರಗಿನ ಅಂಟಿನಲ್ಲಿ. ಕೋಶ ನಿದ್ದೆ ಹೋದರೂ ಕೊಡೆ ಬಿಚ್ಚಿಯೇ ಇರುತ್ತದೆ. ನನಗೆ ಇವುಗಳ ಬಗ್ಗೆ ತುಂಬಾ ಇಷ್ಟವಾದ ಸಂಗತಿ ಇದು.

ಈಗ ಬದುಕಿತ್ತಾ ಅನ್ನುವುದು. ಒಣಗುವಾಗ ಕೋಶದ ನೀರು ಹೆಚ್ಚುಕಡಿಮೆ ಎಲ್ಲ ಹೋಗುತ್ತದೆ. ನೀರಿದ್ದ ಜಾಗದಲ್ಲಿ ಟ್ರೆಹಲೋಸ್, ಸುಕ್ರೋಸ್ ಥರದ ಸಕ್ಕರೆಗಳು ನಿಂತು, ಪೊರೆಯೂ ಪ್ರೋಟೀನೂ ಕುಸಿದು ಬೀಳದ ಹಾಗೆ ಹಿಡಿದುಕೊಳ್ಳುತ್ತವೆ. ಗಾಜಿನೊಳಗೆ ಹುದುಗಿಸಿಟ್ಟ ಹಾಗೆ ಅಂದುಕೊಳ್ಳಿ. ಉಸಿರಾಟ ಇಲ್ಲ, ಬೆಳವಣಿಗೆ ಇಲ್ಲ, ರಿಪೇರಿ ಕೂಡ ಇಲ್ಲ. ನೀರು ಬಿದ್ದಾಗ ಮೊದಲು ಉಸಿರಾಟ ಶುರುವಾಗುತ್ತದೆ, ಆಮೇಲೆ ದ್ಯುತಿಸಂಶ್ಲೇಷಣೆ, ಎಲ್ಲಕ್ಕಿಂತ ಕೊನೆಗೆ ಸಾರಜನಕ ಹಿಡಿಯುವುದು. ಸಸ್ಯ ಸಂಗ್ರಹಾಲಯದಲ್ಲಿ ಕಾಗದದ ನಡುವೆ ಒಣಗಿಸಿಟ್ಟಿದ್ದ ನೋಸ್ಟಾಕ್ ನೂರು ವರ್ಷ ದಾಟಿದ ಮೇಲೂ ನೀರು ಕಂಡು ಬೆಳೆದದ್ದಿದೆ.

ಹಾಗಾಗಿ ಕಷ್ಟ ಅಂದರೆ ಇವಕ್ಕೆ ಪ್ರಾಣ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಇವುಗಳಲ್ಲಿ ಬಹುಪಾಲು ಕಷ್ಟದಲ್ಲಿ ಬೆಳೆಯುವುದಿಲ್ಲ, ಕಷ್ಟ ಕಳೆಯುವ ತನಕ ಕಾಯುತ್ತವೆ. ಬದುಕುವುದು ಬೇರೆ, ತಡೆದುಕೊಳ್ಳುವುದು ಬೇರೆ ಅಲ್ವಾ?

ಬಿಸಿಬುಗ್ಗೆ:

ಕಲ್ಲುಹೂವು ಅವರೇ, ಮರುಭೂಮಿಗೆ ಆ ಮಾತು ಸರಿ. ಬಿಸಿನೀರಿಗೆ ಬಂದರೆ ನಿಮ್ಮ ಮಾತು ನಿಲ್ಲುವುದಿಲ್ಲ.

ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬುಗ್ಗೆ ಇದೆ. ಮೇಲಿನಿಂದ ತೆಗೆದ ಚಿತ್ರ ಎಲ್ಲರೂ ನೋಡಿರುತ್ತೀರಿ. ನಡುವೆ ಕಡು ನೀಲಿ, ಸುತ್ತ ಹಳದಿ, ಕಿತ್ತಳೆ, ಕಂದು ಬಳೆಗಳು. ನಡುವಿನ ನೀಲಿ ಬರೀ ನೀರಿನ ಬಣ್ಣ, ಅಲ್ಲಿನ ಶಾಖಕ್ಕೆ ಯಾವ ಪಾಚಿಯೂ ನಿಲ್ಲುವುದಿಲ್ಲ. ನೀರು ಅಂಚಿಗೆ ಹರಿಯುತ್ತಾ ಆರುತ್ತದೆ. ಆರಿದ ಹಾಗೆ ಒಂದೊಂದು ಶಾಖಕ್ಕೆ ಒಂದೊಂದು ಗುಂಪು ಸೂಕ್ಷ್ಮಜೀವಿಗಳು ಹಾಸು ಹಾಸಿಕೊಂಡಿವೆ. ಬಣ್ಣದ ಬಳೆಗಳು ಅಂದರೆ ಒಂಥರಾ ಥರ್ಮಾಮೀಟರ್.

ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ 1960ರ ದಶಕದಲ್ಲಿ ಅಲ್ಲಿನ ಬುಗ್ಗೆಗಳ ಕಾಲುವೆಗಳ ಉದ್ದಕ್ಕೂ ಅಳೆಯುತ್ತಾ ಹೋದರು. ಸೈನೆಕೊಕಾಕಸ್ ಎಂಬ ಕಡ್ಡಿಯಾಕಾರದ ಸೈನೋಬ್ಯಾಕ್ಟೀರಿಯಾ ಸುಮಾರು 73 ಡಿಗ್ರಿ ಸೆಲ್ಸಿಯಸ್ ತನಕ ಸಿಗುತ್ತದೆ. ಅದರಾಚೆ ಹಸಿರು ಮಾಯ. ಬೆಳಕಿನಿಂದ ಆಹಾರ ಮಾಡುವ ಯಾವ ಜೀವಿಗೂ ಆ ಗೆರೆ ದಾಟಲು ಆಗಿಲ್ಲ. ಬೇರೆ ಬ್ಯಾಕ್ಟೀರಿಯಾ, ಆರ್ಕಿಯಾಗಳು ಇನ್ನೂ ಮೇಲೆ ಹೋಗುತ್ತವೆ, ಆದರೆ ಅವು ಬೆಳಕು ನಂಬಿದವಲ್ಲ.

ನಿಮ್ಮ ವಾದಕ್ಕೆ ಉತ್ತರ ಇಲ್ಲಿದೆ: ಈ ಸೈನೆಕೊಕಾಕಸ್‌ನ ಬಿಸಿ ತಳಿಗಳನ್ನು ತಂದು ನಮಗೆ ಹಿತವಾದ 25 ಡಿಗ್ರಿಯಲ್ಲಿ ಇಟ್ಟರೆ ಬೆಳೆಯುವುದೇ ಇಲ್ಲ. ನಮಗೆ ಹಿತವಾದದ್ದು ಅದಕ್ಕೆ ಕೊರೆಯುವ ಚಳಿ. ಅದು ಕಾಯುತ್ತಿಲ್ಲ, ಅಲ್ಲೇ ಸಂಸಾರ ಹೂಡಿದೆ.

ಅರೆಬರೆಜ್ಞಾನಿ:

ತಪ್ಪೊಪ್ಪಿಕೊಂಡೆ ಮೇಡಂ, ಕಲ್ಲುಹೂವು. ಆದರೆ ಕೋವಿಡ್ ಪರೀಕ್ಷೆಯಲ್ಲಿ ಡಿಎನ್‌ಎ ಪ್ರತಿ ಮಾಡುವ ಪಿಸಿಆರ್‌ಗೆ ಬೇಕಾದ ಕಿಣ್ವ ಈ ಯೆಲ್ಲೋಸ್ಟೋನ್ ಪಾಚಿಯಿಂದಲೇ ಬಂದದ್ದು ಅಲ್ವಾ? ಇದಾದರೂ ಸರಿಯಾ?

ಬಿಸಿಬುಗ್ಗೆ:

ಊರು ಸರಿ, ಮನೆ ತಪ್ಪು 😀 ಆ ಕಿಣ್ವ ಟ್ಯಾಕ್ ಪಾಲಿಮರೇಸ್. ಬಂದದ್ದು ಥರ್ಮಸ್ ಅಕ್ವಾಟಿಕಸ್‌ನಿಂದ. ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1969ರಲ್ಲಿ ವಿವರಿಸಿದ ಬ್ಯಾಕ್ಟೀರಿಯಾ ಅದು. ಸೈನೋಬ್ಯಾಕ್ಟೀರಿಯಾದ ನೆರೆಮನೆಯವರು, ಅಷ್ಟೇ.

ಹಾಗಂತ ಬಿಸಿನೀರಿನ ಸೈನೋಬ್ಯಾಕ್ಟೀರಿಯಾದ ಉಪಕಾರ ಕಡಿಮೆಯೇನಲ್ಲ. ಎಲೆ ನೀರನ್ನು ಒಡೆದು ಆಮ್ಲಜನಕ ಬಿಡುತ್ತದಲ್ಲ, ಆ ಯಂತ್ರಕ್ಕೆ ಫೋಟೋಸಿಸ್ಟಮ್ 2 ಅಂತ ಹೆಸರು. ಅದರ ಒಂದೊಂದು ಪರಮಾಣು ಎಲ್ಲಿದೆ ಅಂತ ನೋಡಬೇಕಾದರೆ ಆಗ ಅದನ್ನು ಹರಳು ಮಾಡಬೇಕಿತ್ತು. ಸೊಪ್ಪಿನಿಂದ ತೆಗೆದದ್ದು ಬೇಗ ಬಿಚ್ಚಿಕೊಳ್ಳುತ್ತದೆ. ಬಿಸಿ ಬುಗ್ಗೆಯ ಥರ್ಮೊಸೈನೆಕೊಕಾಕಸ್‌ನದ್ದು ಶಾಖಕ್ಕೆ ಪಳಗಿದ ಗಟ್ಟಿ ಪ್ರೋಟೀನು. ಜಪಾನಿನ ತಂಡ 2011ರಲ್ಲಿ ಅದರಿಂದಲೇ 1.9 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಸ್ಪಷ್ಟತೆಯ ಚಿತ್ರ ತೆಗೆಯಿತು. ನೀರನ್ನು ಒಡೆಯುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕ ಪರಮಾಣುಗಳು ಹೇಗೆ ಕೂತಿವೆ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ.

ಹಾಸಿನ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹಗಲಿನಲ್ಲಿ ಹಾಸಿನ ಮೇಲ್ಪದರದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ. ಕತ್ತಲಾದ ಮೇಲೆ ಎಲ್ಲರೂ ಸೇರಿ ಅದನ್ನು ಬೇಗ ಮುಗಿಸಿಬಿಡುತ್ತಾರೆ. ಈ ಸೈನೆಕೊಕಾಕಸ್‌ಗೆ ಮೇಡಂ ನೋಡಿದ ದೊಡ್ಡ ಮಣಿ ಇಲ್ಲ, ಇರುವುದು ಒಂಟಿ ಕೋಶ. ಹಾಗಾಗಿ ಅದು ಬೇರೆ ಕೋಣೆ ಕಟ್ಟುವ ಬದಲು ಬೇರೆ ಹೊತ್ತು ಆರಿಸಿಕೊಂಡಿದೆ. ಹಗಲು ಆಹಾರ ಮಾಡುತ್ತದೆ, ಆಮ್ಲಜನಕ ಇಳಿದ ಮೇಲೆ ಸಾರಜನಕ ಹಿಡಿಯುತ್ತದೆ. ಪಾಳಿ ಕೆಲಸ.

ಕಲ್ಲುಹೂವು:

ಒಪ್ಪಿದೆ. ಬಿಸಿನೀರಿನವರು ನಿಜವಾದ ನಿವಾಸಿಗಳು. ಉಳಿದ ಕಡೆ ನನ್ನ ಮಾತು ಬಿಡುವುದಿಲ್ಲ. ಹಿಮದ ಕಡೆ ನೋಡಿ. ಧ್ರುವ ಪ್ರದೇಶಗಳಿಂದ ತಂದ 27 ತಳಿಗಳನ್ನು ಬೇರೆ ಬೇರೆ ಶಾಖದಲ್ಲಿ ಬೆಳೆಸಿ ನೋಡಿದ ಅಧ್ಯಯನ 1997ರಲ್ಲಿ ಬಂತು. ಚೆನ್ನಾಗಿ ಬೆಳೆದದ್ದು ಸರಾಸರಿ ಸುಮಾರು 20 ಡಿಗ್ರಿಯಲ್ಲಿ! ಸೊನ್ನೆಯ ಹತ್ತಿರ ಇರುವ ನೀರಿನಲ್ಲಿ ಅವು ಬದುಕುವುದು ಚಳಿ ಇಷ್ಟ ಅಂತಲ್ಲ. ಅಲ್ಲಿ ಪೈಪೋಟಿಗೆ, ಮೇಯುವುದಕ್ಕೆ ಬರುವವರು ಕಡಿಮೆ. ನಿಧಾನವಾಗಿ ಬೆಳೆದರೂ ನಡೆಯುತ್ತದೆ.

ಹೊಳೆದಂಡೆ:

ಧ್ರುವ ಪ್ರದೇಶ ಅಂದಿರಿ, ಅಂಟಾರ್ಕ್ಟಿಕಾದಲ್ಲಿ ನಡೆದ, ನನಗೆ ಬಹಳ ಇಷ್ಟದ ಒಂದು ಪ್ರಯೋಗ ನೆನಪಾಯಿತು.

ಅಲ್ಲಿ ಮ್ಯಾಕ್‌ಮರ್ಡೊ ಒಣ ಕಣಿವೆಗಳು ಅಂತ ಇವೆ. ಹಿಮವೂ ನಿಲ್ಲದ ಬೋಳು ಕಲ್ಲು, ಮರಳು. ಬೇಸಿಗೆಯಲ್ಲಿ ಕೆಲವು ವಾರ ಮಾತ್ರ ಹಿಮನದಿ ಕರಗಿ ಸಣ್ಣ ತೊರೆಗಳು ಹರಿಯುತ್ತವೆ. ಆಮೇಲೆ ಮತ್ತೆ ಒಣಗಿ ಹೆಪ್ಪುಗಟ್ಟುತ್ತವೆ. ಒಂದು ತೊರೆ ಜಾಡು ಬದಲಿಸಿ, ಹಳೆಯ ಪಾತ್ರದಲ್ಲಿ ಸುಮಾರು 20 ವರ್ಷ ನೀರೇ ಹರಿದಿರಲಿಲ್ಲ. 1990ರ ದಶಕದ ನಡುವಿನಲ್ಲಿ ಡಯೇನ್ ಮೆಕ್‌ನೈಟ್ ಅವರ ತಂಡ ಮರಳಿನ ಚೀಲಗಳನ್ನು ಅಡ್ಡ ಇಟ್ಟು ನೀರನ್ನು ಹಳೆಯ ಪಾತ್ರಕ್ಕೇ ತಿರುಗಿಸಿತು. ಎಲ್ಲಿಂದಲೋ ಬೀಜ ಬಂದು ಹೊಸದಾಗಿ ಹಸಿರಾಗಲು ವರ್ಷಗಳೇ ಬೇಕು ಅಂದುಕೊಳ್ಳುತ್ತೇವೆ. ಒಂದು ವಾರದಲ್ಲಿ ಹಾಸು ಎದ್ದು ಕಾಣತೊಡಗಿತು. ಬಂದದ್ದಲ್ಲ, ಇದ್ದದ್ದು! ಕಲ್ಲುಗಳ ಮೇಲೆ ಕಪ್ಪು ಚಕ್ಕೆಯಾಗಿ 20 ವರ್ಷ ಮಲಗಿತ್ತು.

ಮೇಡಂ ತಾರಸಿಯ ಕಥೆಯೇ ಅಲ್ವಾ ಇದು? ಶಾಖ ಮಾತ್ರ ಬೇರೆ.

ತಾರಸಿಪಾಚಿ:

ಅಬ್ಬಾ! ಏಳೆಂಟು ತಿಂಗಳಿಗೇ ನಾನು ಬೆರಗಾಗಿದ್ದೆ. ಈಗ ಒಂದು ಅನುಮಾನ. ಮರುಭೂಮಿಯಲ್ಲಿ ಮಳೆಯೇ ಇಲ್ಲದ ಕಡೆ ಇವು ಕಾಯುವುದಾದರೂ ಯಾವುದಕ್ಕೆ?

ಕಲ್ಲುಹೂವು:

ಒಳ್ಳೇ ಪ್ರಶ್ನೆ. ಅವು ಮಳೆಗೆ ಕಾಯುವುದಿಲ್ಲ. ಕಲ್ಲಿನೊಳಗೆ ಹೊಕ್ಕು, ಕಲ್ಲು ಕೊಡುವ ನೀರಿಗೆ ಕಾಯುತ್ತವೆ.

ಬೆಣಚುಕಲ್ಲಿನಿಂದ ಶುರು ಮಾಡೋಣ. ಮರಳುಗಾಡಿನಲ್ಲಿ ಅರ್ಧ ಹೂತಿರುವ ಬಿಳಿ ಬೆಣಚುಕಲ್ಲನ್ನು ಮಗುಚಿದರೆ ಎಷ್ಟೋ ಸಲ ಅಡಿಭಾಗದಲ್ಲಿ ಹಸಿರು ಬಳಿದ ಹಾಗಿರುತ್ತದೆ. ಮಣ್ಣಿನ ಮಟ್ಟದ ಕೆಳಗೆ ಒಂದು ಪಟ್ಟಿ. ಕಲ್ಲು ಅರೆಪಾರದರ್ಶಕ, ಸ್ವಲ್ಪವೇ ಸ್ವಲ್ಪ ಬೆಳಕು ಒಳಗಿಳಿಯುತ್ತದೆ. ಉರಿಬಿಸಿಲು, ಅತಿನೇರಳೆ ಮೇಲೇ ಉಳಿಯುತ್ತವೆ. ರಾತ್ರಿಯ ಇಬ್ಬನಿ ಕಲ್ಲಿನ ಬದಿಯಿಂದ ಜಾರಿ ಅಡಿಗೆ ಸೇರಿ, ಬೇಗ ಆರದೆ ನಿಲ್ಲುತ್ತದೆ. ಈ ಕಲ್ಲಿನಡಿಯ ವಾಸಿಗಳಲ್ಲಿ ಮುಖ್ಯವಾದದ್ದು ಕ್ರೂಕಾಕಿಡಿಯೊಪ್ಸಿಸ್. ಹೆಸರು ಬಾಯಿಗೆ ಬರುವುದು ಕಷ್ಟ, ಜೀವಿ ಮಾತ್ರ ಬಹಳ ಸರಳ. ಕೆಲವೇ ಮೈಕ್ರಾನ್‌ಗಳ ಉಂಡೆ ಕೋಶಗಳು, ಒಂದೇ ಹೊದಿಕೆಯಲ್ಲಿ ಗುಂಪಾಗಿ.

ಇನ್ನು ಕಲ್ಲಿನ ಅಡಿಯಲ್ಲ, ಕಲ್ಲಿನ ಒಳಗೇ ಇರುವವರು. ಇಮ್ರೆ ಫ್ರೀಡ್‌ಮನ್ ಮತ್ತು ಅವರ ಹೆಂಡತಿ ರೊಸೆಲಿ ಒಕಾಂಪೊ ಫ್ರೀಡ್‌ಮನ್ 1976ರಲ್ಲಿ ಹೊಳೆದಂಡೆಯವರು ಹೇಳಿದ ಅದೇ ಒಣ ಕಣಿವೆಗಳ ಕಲ್ಲಿನೊಳಗೆ ನೀಲಿ ಹಸಿರು ಪಾಚಿ ಇದೆ ಅಂತ ಪ್ರಕಟಿಸಿದರು. ಅಲ್ಲಿನ ಮರಳುಗಲ್ಲನ್ನು ಒಡೆದರೆ, ಹೊರಮೈಯಿಂದ ಕೆಲವು ಮಿಲಿಮೀಟರ್ ಒಳಗೆ ಬಣ್ಣದ ಪಟ್ಟಿಗಳು ಕಾಣುತ್ತವೆ. ಕಲ್ಲುಹೂವಿನ (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ) ಕಪ್ಪು ಪಟ್ಟಿ, ಬಿಳಿ ಪಟ್ಟಿ, ಅದರಡಿ ಹಸಿರು. ಇನ್ನು ಕೆಲವು ಕಲ್ಲುಗಳಲ್ಲಿ ಸೈನೋಬ್ಯಾಕ್ಟೀರಿಯಾದ್ದೇ ಆಳ್ವಿಕೆ. ಹೊರಗೆ ಗಾಳಿ ಸೊನ್ನೆಗಿಂತ ಕೆಳಗಿದ್ದರೂ ಬೇಸಿಗೆ ಬಿಸಿಲಿಗೆ ಕಲ್ಲಿನ ಮೈ ಕಾಯುತ್ತದೆ. ಮೇಲೆ ಬಿದ್ದ ಹಿಮ ಕರಗಿ ಮರಳಿನ ಕಣಗಳ ಸಂದಿಗೆ ಇಳಿಯುತ್ತದೆ. ಅಷ್ಟೇ ಅವುಗಳ ಮಳೆಗಾಲ.

ನನ್ನನ್ನು ದಂಗುಬಡಿಸಿದ್ದು ಮಾತ್ರ ಅಟಕಾಮಾದ ಉಪ್ಪು. ಚಿಲಿಯ ಆ ಮರುಭೂಮಿಯ ನಟ್ಟನಡುವೆ ಯುಂಗಾಯ್ ಎಂಬ ಕಡೆ ಮಳೆ ಎಂಬುದೇ ಅಪರೂಪ. ಮಣ್ಣಿನಲ್ಲಿ ಜೀವ ಹುಡುಕುವುದೇ ಕಷ್ಟ. ಅಂಥ ಕಡೆ ನೆಲದಿಂದೆದ್ದ ಉಪ್ಪಿನ ಬಂಡೆಗಳನ್ನು ಒಡೆದರೆ ಒಳಗೆ ಬೂದು ಹಸಿರು ಪಟ್ಟಿ. ಯಾತ್ಸೆಕ್ ವಿಯೆರ್ಜ್‌ಚೋಸ್ ಮತ್ತು ಜೊತೆಗಾರರು 2006ರಲ್ಲಿ ಬರೆದರು. ಉಪ್ಪು ಮಳೆಗಾಲದಲ್ಲಿ ಒದ್ದೆಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಬಂಡೆಯೊಳಗಿನ ಸಣ್ಣ ರಂಧ್ರಗಳಲ್ಲಿ ಆ ನೀರು ಹಗಲಾದ ಮೇಲೂ ಉಳಿಯುತ್ತದೆ. ಗಾಳಿಯಿಂದ ನೀರು ಕದಿಯುವ ಮನೆ! ನೀರು ಸಿಕ್ಕರೂ ಅದು ಕಡು ಉಪ್ಪುನೀರು. ಅದಕ್ಕೆ ಕೋಶದೊಳಗೂ ಅಷ್ಟೇ ಗಟ್ಟಿ ದ್ರವ ತುಂಬಿಕೊಂಡು ಸರಿದೂಗಿಸಬೇಕು. ಅದು ಇನ್ನೊಂದು ಕಥೆ.

ಜಿಪ್ಸಂಜಗಳ:

ಕಲ್ಲು ಕೊಡುವ ನೀರು ಅಂದಿರಲ್ಲ, ಅಲ್ಲೊಂದು ಇತ್ಯರ್ಥವಾಗದ ಜಗಳ ಇದೆ. ಜಿಪ್ಸಂ ಕಲ್ಲಿನ ಹರಳಿನೊಳಗೇ ನೀರಿನ ಅಣುಗಳಿವೆ. ಅಟಕಾಮಾದ ಜಿಪ್ಸಂನಲ್ಲಿರುವ ಕ್ರೂಕಾಕಿಡಿಯೊಪ್ಸಿಸ್ ಆ ನೀರನ್ನೇ ಹೊರಗೆಳೆದು ಬಳಸುತ್ತದೆ, ಜಿಪ್ಸಂ ನೀರು ಕಳೆದುಕೊಂಡು ಅನ್‌ಹೈಡ್ರೈಟ್ ಆಗುತ್ತದೆ ಅಂತ 2020ರಲ್ಲಿ ಒಂದು ತಂಡ ಬರೆಯಿತು. ಅದೇ ವರ್ಷ ವಿಯೆರ್ಜ್‌ಚೋಸ್ ಮತ್ತಿತರರು ಎದುರುತ್ತರ ಕೊಟ್ಟರು: ಇಲ್ಲ, ಪ್ರಯೋಗಾಲಯದಲ್ಲೂ ಮರುಭೂಮಿಯಲ್ಲೂ ಹರಳಿನ ನೀರು ಇವಕ್ಕೆ ದಕ್ಕುವುದಿಲ್ಲ ಅಂತ.

ನನ್ನ ಓಟು ಎರಡನೆಯವರಿಗೆ. ಹರಳಿನಿಂದ ನೀರು ಕೀಳಲು ಶಕ್ತಿ ಬೇಕು. ಆ ಶಕ್ತಿ ಬರಬೇಕಾದದ್ದು ದ್ಯುತಿಸಂಶ್ಲೇಷಣೆಯಿಂದ. ಒಣಗಿದ ಕೋಶ ಅದನ್ನು ಮಾಡುವುದಿಲ್ಲ. ಸಾಲ ತೀರಿಸಲು ದುಡ್ಡು ಬೇಕು, ದುಡ್ಡು ದುಡಿಯಲು ಮೊದಲು ಸಾಲ ತೀರಬೇಕು ಅಂದ ಹಾಗಾಯಿತು.

ಮಂಗಳಯಾತ್ರಿ:

ಕಾಯುವುದು ಬದುಕಲ್ಲ ಅಂತ ಕಲ್ಲುಹೂವು ಬಹಳ ಸಲೀಸಾಗಿ ಹೇಳಿದರು. ಆದರೆ ಕಾಯುವುದರಲ್ಲೇ ಇವುಗಳ ತಾಕತ್ತು ಇರುವುದು. ಲೆಕ್ಕ ನೋಡಿ.

ಮೈ ಹೀರಿಕೊಂಡ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನುಷ್ಯನಿಗೆ ಮೈಗೆಲ್ಲ ಒಮ್ಮೆಗೇ 5 ಗ್ರೇ ವಿಕಿರಣ ತಾಗಿದರೆ, ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ಕಷ್ಟ. ಡ್ಯಾನಿಯೆಲಾ ಬಿಲ್ಲಿ, ಫ್ರೀಡ್‌ಮನ್ ಮತ್ತಿತರರು 2000ದಲ್ಲಿ ಕ್ರೂಕಾಕಿಡಿಯೊಪ್ಸಿಸ್ ತಳಿಗಳಿಗೆ ಎಕ್ಸ್-ರೇ ಹೊಡೆದು ನೋಡಿದರು. 2,500 ಗ್ರೇಗೆ ನೂರರಲ್ಲಿ 35ರಿಂದ 80 ಕೋಶ ಬದುಕಿದವು. 15,000 ಗ್ರೇಗೆ ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದು. 20,000ಕ್ಕೆ ಒಂದೂ ಇಲ್ಲ. 5,000 ಗ್ರೇಯಲ್ಲಿ ಡಿಎನ್‌ಎ ಚೂರುಚೂರಾಗಿತ್ತು. 24 ಗಂಟೆಯಲ್ಲಿ ಜೋಡಿಸಿಕೊಂಡಿತು!

ಆಮೇಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೋಡೆಗೆ ಕಟ್ಟಿದ್ದ ಎಕ್ಸ್‌ಪೋಸ್ ಆರ್2 ಪೆಟ್ಟಿಗೆಯಲ್ಲಿ 2014ರಿಂದ 2016ರ ತನಕ ಇವನ್ನು ಒಣಗಿಸಿ, ಮಂಗಳದ ಮಣ್ಣಿನಂಥ ಪುಡಿಯಲ್ಲಿ ಬೆರೆಸಿ ಇಟ್ಟಿದ್ದರು. ಒಂದೂವರೆ ವರ್ಷ ಮೀರಿದ ಪ್ರಯಾಣ. ವಾಪಸು ತಂದು ನೀರು ಹಾಕಿದಾಗ ಕೆಲವು ಬೆಳೆದವು. ಇದು ಮಂಗಳಕ್ಕೆ ಕಳಿಸಬಹುದಾದ ಜೀವಿ ಅಂತ ನನ್ನ ನಂಬಿಕೆ.

ಕಲ್ಲುಹೂವು:

ಅಂಕಿ ಎಲ್ಲ ಸರಿ. ಅದರಿಂದ ಮಂಗಳಕ್ಕೆ ಹಾರಬೇಡಿ.

ಮೊದಲನೆಯದು, ಭೂಮಿಯಲ್ಲಿ ಯಾವ ಮರುಭೂಮಿಯ ಕಲ್ಲಿನಲ್ಲೂ ಅಷ್ಟು ವಿಕಿರಣ ಇಲ್ಲ. ಮತ್ತೆ ಈ ಶಕ್ತಿ ಎಲ್ಲಿಂದ ಬಂತು? ಒಣಗುವುದರಿಂದ. ಒಣಗಿದಾಗಲೂ ಡಿಎನ್‌ಎ ತುಂಡಾಗುತ್ತದೆ. ಒದ್ದೆಯಾದಾಗಲೆಲ್ಲ ಜೋಡಿಸಿಕೊಳ್ಳಬೇಕು. ಆ ಕಸುಬು ಪಳಗಿದವರಿಗೆ ಎಕ್ಸ್-ರೇ ಒಡೆದದ್ದನ್ನು ಜೋಡಿಸುವುದು ಹೊಸ ಕೆಲಸವೇನಲ್ಲ. ಒಂದೇ ಕೋಶದಲ್ಲಿ ಡಿಎನ್‌ಎಯ ಹಲವು ಪ್ರತಿಗಳಿರುವುದೂ ನೆರವಾಗುತ್ತದೆ, ಒಂದರಲ್ಲಿ ಹರಿದ ಪುಟ ಇನ್ನೊಂದರಲ್ಲಿ ಇರುತ್ತದೆ.

ಎರಡನೆಯದು, ರಿಪೇರಿಗೆ ನೀರು ಬೇಕು. ಒಣಗಿದ್ದಾಗ ಏಟು ಬೀಳುತ್ತಲೇ ಇರುತ್ತದೆ, ಕೂಡುತ್ತಲೇ ಹೋಗುತ್ತದೆ. ಕ್ಯೂರಿಯಾಸಿಟಿ ನೌಕೆ ಮಂಗಳದ ನೆಲದ ಮೇಲೆ ಅಳೆದದ್ದು ದಿನಕ್ಕೆ ಸುಮಾರು 0.21 ಮಿಲಿಗ್ರೇ. ವರ್ಷಕ್ಕೆ 77 ಮಿಲಿಗ್ರೇ ಆಸುಪಾಸು. ಆ ಲೆಕ್ಕದಲ್ಲಿ 2,500 ಗ್ರೇ ಆಗಲು ಮೂವತ್ತು ಸಾವಿರ ವರ್ಷ ದಾಟುತ್ತದೆ ನಿಜ. ಆದರೆ ಅಷ್ಟರೊಳಗೆ ಒಮ್ಮೆ ನೀರು ಸಿಕ್ಕರೆ ಮಾತ್ರ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ.

ಮೂರನೆಯದು ಅತಿನೇರಳೆ. ಮಂಗಳದ ಬಿಸಿಲಿನಂಥ ಅತಿನೇರಳೆಗೆ ಒಂದೇ ಪದರ ಒಣ ಕೋಶಗಳನ್ನು ಹಿಡಿದ ಪ್ರಯೋಗ 2005ರಲ್ಲಿ ಬಂತು. ಐದು ನಿಮಿಷಕ್ಕೆ ಶೇ 99 ಸತ್ತವು. ಅರ್ಧ ಗಂಟೆಗೆ ಒಂದೂ ಉಳಿಯಲಿಲ್ಲ. ಸಾವಿರಾರು ಗ್ರೇ ತಡೆಯುವ ಜೀವಿಗೆ ಅರ್ಧ ಗಂಟೆ ಬಿಸಿಲು ತಡೆಯಲಾಗಲಿಲ್ಲ! ಆದರೆ ಮೇಲೆ ಒಂದೇ ಒಂದು ಮಿಲಿಮೀಟರ್ ಕಲ್ಲಿನ ಅಥವಾ ಮಣ್ಣಿನ ಮರೆ ಸಿಕ್ಕರೆ ಉಳಿದವು. ಕಲ್ಲಿನೊಳಗೆ ಯಾಕೆ ಸೇರಿಕೊಂಡವು ಅಂತ ಈಗ ಗೊತ್ತಾಯಿತಲ್ಲ.

ಮಂಗಳಯಾತ್ರಿ:

ಹೂಂ, ಬಿಸಿಲಿಗೆ ಸೋತೆ. ಆದರೂ ಬೆಳೆಸುವ ಪ್ರಯತ್ನಗಳು ನಡೆದಿವೆ. ಜರ್ಮನಿಯ ಬ್ರೆಮೆನ್‌ನಲ್ಲಿ ಸಿಪ್ರಿಯನ್ ವರ್ಸೋ ತಂಡ ಅನಬೀನಾ ಎಂಬ ಇನ್ನೊಂದು ಮಣಿಸರದ ಜಾತಿಯನ್ನು ಕಡಿಮೆ ಒತ್ತಡದ ಪಾತ್ರೆಯಲ್ಲಿ ಬೆಳೆಸಿ 2021ರಲ್ಲಿ ವರದಿ ಮಾಡಿತು. ಒತ್ತಡ ನಮ್ಮ ಗಾಳಿಯ ಹತ್ತನೇ ಒಂದು ಭಾಗ. ಶೇ 96 ಸಾರಜನಕ, ಶೇ 4 ಇಂಗಾಲದ ಡೈಆಕ್ಸೈಡ್. ಪೋಷಕಾಂಶಕ್ಕೆ ಮಂಗಳದ ಮಣ್ಣಿನ ನಕಲು. ಬೆಳೆಯಿತು.

ಇದು ಮಂಗಳದ ಗಾಳಿಯಲ್ಲ, ಒಪ್ಪುತ್ತೇನೆ. ಅಲ್ಲಿ ಒತ್ತಡ ನಮ್ಮದರ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಗಾಳಿಯಲ್ಲಿ ಶೇ 95 ಇಂಗಾಲದ ಡೈಆಕ್ಸೈಡ್. ಆದರೆ ಮುಚ್ಚಿದ ಪಾತ್ರೆಯ ಗೋಡೆ ತೆಳ್ಳಗಿದ್ದರೂ ಸಾಕು ಅಂದ ಹಾಗಾಯಿತಲ್ಲ?

ಕಲ್ಲುಹೂವು:

ಪಾತ್ರೆಯೊಳಗೆ ಅಂದರೆ ನನ್ನ ತಕರಾರಿಲ್ಲ. "ಮಂಗಳದಲ್ಲಿ ಬೆಳೆಯುತ್ತದೆ" ಅನ್ನುವ ತಲೆಬರಹಕ್ಕೆ ಮಾತ್ರ ತಕರಾರು.

ಕತ್ತಲುಕೋಣೆ:

ಬೆಳಕಿನ ಬಗ್ಗೆ ಯಾರೂ ಮಾತಾಡಲಿಲ್ಲ. ಕಲ್ಲಿನೊಳಗೆ, ದಪ್ಪ ಹಾಸಿನ ತಳದಲ್ಲಿ ಇರುವವರಿಗೆ ಬೆಳಕಿನದೇ ಬರ. ಮೇಲಿರುವವರು ಕೆಂಪು, ನೀಲಿ ಎಲ್ಲ ತಿಂದುಬಿಡುತ್ತಾರೆ. ಕೆಳಗೆ ಇಳಿಯುವುದು ನಮ್ಮ ಕಣ್ಣಿಗೆ ಕಾಣುವುದೇ ಕಷ್ಟವಾದ ದೂರದ ಕೆಂಪು.

ಆಸ್ಟ್ರೇಲಿಯಾದ ಶಾರ್ಕ್ ಬೇಯ ಸ್ಟ್ರೋಮಟೊಲೈಟ್‌ಗಳಿಂದ (ಸೂಕ್ಷ್ಮಜೀವಿಗಳ ಹಾಸು ಪದರ ಪದರವಾಗಿ ಕಟ್ಟಿದ ಕಲ್ಲಿನ ದಿಬ್ಬಗಳು) ಮಿನ್ ಚೆನ್ ತಂಡ 2010ರಲ್ಲಿ ಹೊಸ ಕ್ಲೋರೋಫಿಲ್ ಒಂದನ್ನು ಕಂಡುಹಿಡಿಯಿತು. ಕ್ಲೋರೋಫಿಲ್ ಎಫ್ ಅಂತ ಹೆಸರು. ಎಲೆಗಳ ಕ್ಲೋರೋಫಿಲ್ ಬೆಳಕಿನ ಅಲೆಯುದ್ದ 700 ನ್ಯಾನೋಮೀಟರ್ ಆಸುಪಾಸಿಗೆ ಬಂದರೆ ಕೈಚೆಲ್ಲುತ್ತದೆ. ಇದು ಅದರಾಚೆಯದನ್ನೂ ಹಿಡಿಯುತ್ತದೆ. ಬರೀ ಹಿಡಿದು ಪಕ್ಕದವರಿಗೆ ದಾಟಿಸುವುದು ಅಂತ ಎಲ್ಲರೂ ಅಂದುಕೊಂಡಿದ್ದರು. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮತ್ತಿತರರು 750 ನ್ಯಾನೋಮೀಟರ್ ಬೆಳಕಿನಲ್ಲಿ ಬೆಳೆದ ಕ್ರೂಕಾಕಿಡಿಯೊಪ್ಸಿಸ್‌ನಲ್ಲಿ ನೋಡಿದರೆ, ಮೂಲ ಯಂತ್ರದ ಕೆಲಸವನ್ನೇ ಕ್ಲೋರೋಫಿಲ್ ಎಫ್ ಮಾಡುತ್ತಿತ್ತು. ಬಿಳಿ ಬೆಳಕು ಕೊಟ್ಟರೆ ಅದೇ ಜೀವಿ ಮಾಮೂಲು ಯಂತ್ರಕ್ಕೆ ವಾಪಸು.

ಇದಕ್ಕಿಂತ ವಿಚಿತ್ರ ಬೇಕಾ? ಸ್ಪೇನಿನ ರಿಯೊ ಟಿಂಟೊ ಕಡೆ ಕೊರೆದ ಬಾವಿಯಲ್ಲಿ 613 ಮೀಟರ್ ಆಳದ ಕಲ್ಲಿನಲ್ಲೂ ಜೀವಂತ ಸೈನೋಬ್ಯಾಕ್ಟೀರಿಯಾ ಇವೆ ಅಂತ 2018ರಲ್ಲಿ ಬಂತು. ಅಲ್ಲಿ ಬೆಳಕು ಅನ್ನುವುದೇ ಇಲ್ಲ. ಜಲಜನಕದಿಂದ ಶಕ್ತಿ ತೆಗೆಯುತ್ತಿರಬಹುದು ಅಂತ ಸಂಶೋಧಕರ ಊಹೆ. ಸೂರ್ಯನನ್ನೇ ನಂಬಿದ ಕುಲ ಅಂದುಕೊಂಡಿದ್ದೆವು, ಅಲ್ವಾ!

ಹೊಳೆದಂಡೆ:

ಇವಕ್ಕೆ ಆಗದ ಜಾಗ ಯಾವುದಾದರೂ ಇದೆಯಾ ಹಾಗಾದರೆ?

ಬಿಸಿಬುಗ್ಗೆ:

ಹುಳಿ. ಕ್ಷಾರ ಆಗುತ್ತದೆ: ಪೂರ್ವ ಆಫ್ರಿಕಾದ ಸೋಡಾ ಸರೋವರಗಳಲ್ಲಿ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) 10ರ ಹತ್ತಿರ ಅರ್ಥ್ರೊಸ್ಪೈರಾ ಎಂಬ ಸೈನೋಬ್ಯಾಕ್ಟೀರಿಯಾ ಎಷ್ಟು ದಟ್ಟವಾಗಿ ಬೆಳೆಯುತ್ತದೆ ಅಂದರೆ ಫ್ಲೆಮಿಂಗೊ ಹಕ್ಕಿಗಳ ಹಿಂಡೇ ಅದರ ಮೇಲೆ ಬದುಕುತ್ತದೆ. ಆ ಹಕ್ಕಿಗಳ ಗುಲಾಬಿ ಬಣ್ಣವೂ ಅದರ ಕೃಪೆ. ಆಮ್ಲದ ಕಡೆ ಬಂದರೆ ಮುಗಿಯಿತು. ಬ್ರಾಕ್ 1973ರಲ್ಲೇ ಊರೂರು ನೀರು ನೋಡಿ ಬರೆದರು, ಪಿಎಚ್ 4ಕ್ಕಿಂತ ಕೆಳಗೆ ಸೈನೋಬ್ಯಾಕ್ಟೀರಿಯಾ ಸಿಗಲಿಲ್ಲ ಅಂತ. ಅಲ್ಲಿ ಬಿಸಿ ಬುಗ್ಗೆ ಹಸಿರಾಗಿ ಕಂಡರೆ ಅದು ಸಯನಿಡಿಯಂ. ನೋಡಲು ಹಾಗೇ ಇದ್ದರೂ ಅದು ಕೆಂಪು ಪಾಚಿಯ ಸಂಬಂಧಿ.

ವಿಕಿರಣ, ಹಿಮ, ಉಪ್ಪು, ಬಿಸಿ ಎಲ್ಲ ದಾಟಿದ ಕುಲ ಹುಳಿನೀರಿನ ಹತ್ತಿರ ಸುಳಿಯುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ತಮಾಷೆ.

ತಾರಸಿಪಾಚಿ:

ಎರಡು ದಿನದಿಂದ ಇದನ್ನೇ ಓದುತ್ತಾ ಕೂತಿದ್ದೇನೆ. ಎಲ್ಲರಿಗೂ ಧನ್ಯವಾದ.

ಇವತ್ತು ಬಟ್ಟಲು ಮತ್ತೆ ನೋಡಿದೆ. ಬಣ್ಣ ಮೊದಲಿಗಿಂತ ಹಸಿರಾಗಿದೆ. ಬಿಸಿಲಿಗೆ ಇಟ್ಟ ಕಾಲು ಗಂಟೆಗೆ ಹಾಳೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕೂತವು. ಒಂದೊಂದೇ ಬಿಡಿಸಿಕೊಂಡು ಮೇಲೆ ಬರುತ್ತಿದ್ದವು. ನೆರಳಿಗೆ ಸರಿಸಿದೆ, ನಿಂತವು. ಮತ್ತೆ ಬಿಸಿಲಿಗೆ ಇಟ್ಟೆ, ಶುರುವಾಯಿತು. ಆಮ್ಲಜನಕವೇ ಇರಬೇಕು, ಅಲ್ವಾ ಕಲ್ಲುಹೂವು?

ಕಲ್ಲುಹೂವು:

ನೆರಳಿಗೆ ನಿಂತು ಬಿಸಿಲಿಗೆ ಶುರುವಾಯಿತು ಅಂದರೆ ಬಹುಮಟ್ಟಿಗೆ ಅದೇ. ನೀರು ಬಿಸಿಯಾದರೂ ಗುಳ್ಳೆ ಬರುತ್ತದೆ. ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ಬಟ್ಟಲಿಟ್ಟು ಹೋಲಿಸಿ. ಇನ್ನು ಕೆಲವು ದಿನ ಬಿಟ್ಟು ಅರ್ಧ ಭಾಗ ಮತ್ತೆ ಒಣಗಿಸಿ. ನಿಧಾನವಾಗಿ, ನೆರಳಲ್ಲಿ. ಫ್ಯಾನ್ ಕೆಳಗೆ ಗಡಿಬಿಡಿಯಲ್ಲಿ ಒಣಗಿಸಿದರೆ ತಯಾರಾಗಲು ಪುರುಸೊತ್ತು ಸಿಗುವುದಿಲ್ಲ.

ತಾರಸಿಪಾಚಿ:

ಸರಿ. ಒಣಗಿದ ಚೂರುಗಳು ಇನ್ನೂ ಇವೆ. ಅದರಲ್ಲಿ ಹತ್ತನ್ನು ಹತ್ತು ಕಾಗದದ ಪೊಟ್ಟಣದಲ್ಲಿ ಹಾಕಿ, ತಾರೀಕು ಬರೆದು ಡ್ರಾಯರಿಗೆ ಹಾಕುತ್ತೇನೆ. ವರ್ಷಕ್ಕೊಂದು ಬಿಚ್ಚಿ ಇಲ್ಲೇ ವರದಿ ಕೊಡುತ್ತೇನೆ.

ಹೊಳೆದಂಡೆ:

ತಾರೀಕು ಪೆನ್ಸಿಲಿನಲ್ಲಿ ಬರೀರಿ ಮೇಡಂ. ಇಂಕು ಮಾಸುತ್ತದೆ.